ಮಗು ಯಾಕೆ ನರಳುತ್ತದೆ?

ಏಳು ತಿಂಗಳಿಗೇ ಹುಟ್ಟಿದ ಕೂಸು ಉಸಿರು ಬಿಡುವಾಗಲೆಲ್ಲ ‘ಹ್ಞೂಂ… ಹ್ಞೂಂ…’ ಎಂದು ನರಳುತ್ತದೆ. ಮೂಗಿನ ಹೊಳ್ಳೆ ಅರಳುತ್ತದೆ, ಪಕ್ಕೆಲುಬುಗಳ ನಡುವೆ ಗುಳಿ ಬೀಳುತ್ತದೆ. ಪಾಪ, ಎಲ್ಲೋ ನೋಯುತ್ತಿದೆ ಅಂದುಕೊಳ್ಳುತ್ತೇವೆ. ನಿಜಕ್ಕೂ ಮಗು ತನಗೆ ತಾನೇ ಚಿಕಿತ್ಸೆ ಮಾಡಿಕೊಳ್ಳುತ್ತಿರುತ್ತದೆ. ಧ್ವನಿತಂತುಗಳನ್ನು ಅರೆಬರೆ ಮುಚ್ಚಿ, ಒಳಗಿನ ಗಾಳಿಯೆಲ್ಲ ಹೊರಟುಹೋಗದಂತೆ ತಡೆಯುತ್ತಿರುತ್ತದೆ.

ಗಾಳಿ ಪೂರ್ತಿ ಹೋದರೆ ಶ್ವಾಸಕೋಶದ ಪುಟ್ಟ ಗಾಳಿಚೀಲಗಳು ಒದ್ದೆ ಪ್ಲಾಸ್ಟಿಕ್ ಕವರಿನ ಹಾಗೆ ಅಂಟಿಕೊಂಡುಬಿಡುತ್ತವೆ. ಮತ್ತೆ ಬಿಡಿಸಲು ಪ್ರತಿ ಉಸಿರಿಗೂ ಹೆಣಗಬೇಕು. ಹಾಗೆ ಅಂಟದಂತೆ ಕಾಯುವ ಜಿಡ್ಡಿನಂಥ ವಸ್ತು ಸರ್ಫ್ಯಾಕ್ಟೆಂಟ್. ಗರ್ಭದಲ್ಲಿ ಅದು ಸಾಕಷ್ಟು ಒದಗುವುದು ಸುಮಾರು 34–35 ವಾರಗಳ ಹೊತ್ತಿಗೆ. ಈ ಮಕ್ಕಳಲ್ಲಿ ಅದೇ ಕೊರತೆ ಎಂದು ಅಮೆರಿಕದ ಸಂಶೋಧಕರಾದ ಮೇರಿ ಎಲೆನ್ ಏವರಿ ಮತ್ತು ಜೆರೆ ಮೀಡ್ 1959ರಲ್ಲಿ ತೋರಿಸಿದರು. ಕಾರಣ ತಿಳಿದರೂ ಮದ್ದಿರಲಿಲ್ಲ. 1963ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯವರ ಗಂಡುಮಗು ಇದೇ ತೊಂದರೆಯಿಂದ ಹುಟ್ಟಿದ ಎರಡೇ ದಿನಕ್ಕೆ ತೀರಿಕೊಂಡಿತು.

ಉಸಿರಾಟಕ್ಕೆ ನೆರವಾಗಲೆಂದು ಗಂಟಲಿಗೆ ಕೊಳವೆ ಇಳಿಸಿದರೆ ಏನಾಗುತ್ತದೆ? ಕೊಳವೆ ಧ್ವನಿತಂತುಗಳ ನಡುವೆಯೇ ಕೂರುತ್ತದೆ, ನರಳಿಕೆ ನಿಲ್ಲುತ್ತದೆ. ನೋಡುವವರಿಗೆ ಸಮಾಧಾನ, ಆದರೆ ರಕ್ತದ ಆಕ್ಸಿಜನ್ ಇಳಿಯುತ್ತದೆ. ಕೇಪ್‌ಟೌನಿನ ವೈದ್ಯರು 1968ರಲ್ಲಿ ಇದನ್ನು ಅಳೆದು ತೋರಿಸಿದರು. ನರಳಿಕೆ ಮಾಡುವ ಕೆಲಸವನ್ನು ಹೊರಗಿನಿಂದ ಮಾಡಿದರೆ ಹೇಗೆ? 1971ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ವೈದ್ಯ ಜಾರ್ಜ್ ಗ್ರೆಗರಿ ಬಿಡದೆ ಸಣ್ಣ ಒತ್ತಡದಲ್ಲಿ ಗಾಳಿ ಕೊಟ್ಟ 20 ಶಿಶುಗಳಲ್ಲಿ 16 ಬದುಕಿದವು. ಹೀಗೆ ಸತತ ಒತ್ತಡದಲ್ಲಿ ಗಾಳಿ ಕೊಡುವ ವಿಧಾನವೇ ಸಿಪ್ಯಾಪ್ (CPAP).

ಅದರ ಅತಿ ಸರಳ ರೂಪ ನನಗೆ ಈಗಲೂ ಬೆರಗು. ಮೂಗಿಗೆ ಎರಡು ಮೆದು ನಳಿಗೆ. ಗಾಳಿ ಹೊರಹೋಗುವ ಪೈಪಿನ ತುದಿ ನೀರಿನ ಬಾಟಲಿಯಲ್ಲಿ ಐದು ಸೆಂಟಿಮೀಟರ್ ಮುಳುಗಿರುತ್ತದೆ. ಎಷ್ಟು ಆಳವೋ ಅಷ್ಟು ಒತ್ತಡ, ಮೀಟರೂ ಬೇಡ. ಗುಳುಗುಳು ಸದ್ದು ನಿಂತರೆ ಎಲ್ಲೋ ಗಾಳಿ ಸೋರುತ್ತಿದೆ ಎಂದು ನರ್ಸಮ್ಮನಿಗೆ ಗೊತ್ತಾಗುತ್ತದೆ.

1980ರಲ್ಲಿ ಜಪಾನಿನ ವೈದ್ಯ ಫುಜಿವಾರ ದನದ ಶ್ವಾಸಕೋಶದಿಂದ ತೆಗೆದ ಸರ್ಫ್ಯಾಕ್ಟೆಂಟ್ ಕೊಟ್ಟು ಹತ್ತು ಶಿಶುಗಳಲ್ಲಿ ಗುಣ ಕಂಡರು. ಔಷಧವೇನೋ ಬಂತು, ಜೊತೆಗೇ ಕೊಳವೆಯೂ ವಾಪಸ್ ಬಂತು, ಔಷಧ ಇಳಿಸಲು ಬೇರೆ ದಾರಿಯಿರಲಿಲ್ಲ. ಕೊಳವೆಯ ಹಿಂದೆ ವೆಂಟಿಲೇಟರ್. ಅದು ಜೀವ ಉಳಿಸಿದರೂ ಎಳೆಯ ಶ್ವಾಸಕೋಶವನ್ನು ಹಿಗ್ಗಿಸಿ ಗಾಯ ಮಾಡುತ್ತದೆ.

ಈ ಗಂಟು ಬಿಡಿಸಿದ್ದು ಡೆನ್ಮಾರ್ಕ್ ಮತ್ತು ಜರ್ಮನಿಯ ವೈದ್ಯರು. ಮಗು ಸಿಪ್ಯಾಪ್‌ನಲ್ಲಿ ತಾನೇ ಉಸಿರಾಡುತ್ತಿರುವಾಗಲೇ ಶ್ಯಾವಿಗೆ ಎಳೆಯಂಥ ನಳಿಗೆಯೊಂದನ್ನು ಧ್ವನಿತಂತುಗಳಾಚೆ ಇಳಿಸಿ, ಔಷಧವನ್ನು ನಿಧಾನವಾಗಿ ಬಿಟ್ಟು, ಕೂಡಲೇ ತೆಗೆದುಬಿಡುವುದು. ಹಾಲಿನಂಥ ಆ ದ್ರವವನ್ನು ಮಗು ತನ್ನ ಉಸಿರಿನಿಂದಲೇ ಒಳಗೆಳೆದುಕೊಳ್ಳುತ್ತದೆ. ಧ್ವನಿತಂತು ಕಾಣಲು ಬಾಯೊಳಗೆ ಲ್ಯಾರಿಂಗೋಸ್ಕೋಪ್ ಎಂಬ ಸಲಕರಣೆ ಹಾಕಲೇಬೇಕು, ಹಾಗಾಗಿ ಪೂರ್ತಿ ಸುಖದ ಕೆಲಸವೇನಲ್ಲ, ಪಳಗಿದ ಕೈ ಬೇಕು. ಜರ್ಮನಿಯಲ್ಲಿ 26–28 ವಾರಕ್ಕೆ ಹುಟ್ಟಿದ ಮಕ್ಕಳ ಮೇಲೆ ನಡೆದ, 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ವಿಧಾನದ ಗುಂಪಿನ 108 ಮಕ್ಕಳಲ್ಲಿ 30 ಮಕ್ಕಳಿಗೆ ಎರಡು–ಮೂರನೇ ದಿನ ವೆಂಟಿಲೇಟರ್ ಬೇಕಾಯಿತು. ಮಾಮೂಲಿ ಚಿಕಿತ್ಸೆಯ 112ರಲ್ಲಿ 51ಕ್ಕೆ.

ತೀರಾ ಎಳಸಾದ ಕೆಲವು ಕೂಸುಗಳು ಇಷ್ಟಾದರೂ ಸುಸ್ತಾಗಿ ಉಸಿರು ಮರೆಯುತ್ತವೆ, ಅವಕ್ಕೆ ವೆಂಟಿಲೇಟರೇ ಗತಿ. ಉಳಿದವುಗಳ ಹತ್ತಿರ ನಿಂತು ನೋಡಿದರೆ, ಪಕ್ಕೆಯ ಗುಳಿ ತುಂಬಿಕೊಳ್ಳುತ್ತಾ ಬರುತ್ತದೆ, ನರ್ಸಮ್ಮ ಆಕ್ಸಿಜನ್ನಿನ ತಿರುಪನ್ನು ಚೂರುಚೂರೇ ಇಳಿಸುತ್ತಾರೆ. ನರಳಿಕೆ ಈಗಲೂ ನಿಲ್ಲುತ್ತದೆ, ಗಂಟಲಲ್ಲಿ ಕೊಳವೆ ಇಲ್ಲದೆಯೇ.