ಮೂಲೆಯಲ್ಲಿ ಟೈಪ್ ಮಾಡುವವರನ್ನು ಸಿನಿಮಾದವರು ನೋಡುವುದೇ ಇಲ್ಲ

ಹೋದ ವರ್ಷ ಒಂದು ಕ್ರಿಮಿನಲ್ ಕೇಸಿನಲ್ಲಿ ಮುಖ್ಯ ಸಾಕ್ಷಿಯ ಪಾಟೀಸವಾಲು ಮುಗಿಸಿ ಹೊರಗೆ ಬಂದೆ. ಚೆನ್ನಾಗಿ ಆಯಿತು ಅಂತ ನನಗೇ ಅನಿಸಿತ್ತು. ಬೇಕಾಗಿದ್ದ ಮೂರು ಉತ್ತರ ಸಿಕ್ಕಿದ್ದವು, ಬೇಡದ್ದು ಒಂದೂ ಬಂದಿರಲಿಲ್ಲ. ಆದರೆ ನನ್ನ ಕಕ್ಷಿದಾರರ ಮುಖ ಸಪ್ಪಗಿತ್ತು. "ಏನಾಯ್ತು ಯಜಮಾನ್ರೇ?" ಅಂದೆ. "ಅಲ್ಲಾ ಸಾರ್, ಅವನು ಅಲ್ಲಿ ನಿಂತು ಹಸೀ ಸುಳ್ಳು ಹೇಳ್ತಿದ್ದ. ನೀವು ಒಂದ್ಸಲನಾದ್ರೂ ಜೋರು ಮಾಡ್ಬಾರ್ದಾ? ಏನೋ ನೆಂಟರನ್ನ ಮಾತಾಡಿಸ್ದಂಗೆ ಮಾತಾಡಿಸಿದ್ರಿ."

ಅವರ ತಪ್ಪಲ್ಲ. ಅವರು ಕೋರ್ಟ್ ನೋಡಿದ್ದೇ ಸಿನಿಮಾದಲ್ಲಿ. ನಾನೂ ಅಷ್ಟೇ, ಕಪ್ಪು ಕೋಟು ಹಾಕುವ ಮೊದಲು ಸಿನಿಮಾದಲ್ಲಿ ನೋಡಿದ್ದು ಬಿಟ್ಟರೆ ಬೇರೆ ಕೋರ್ಟ್ ಗೊತ್ತಿರಲಿಲ್ಲ. ಈಗ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಆಯಿತು ತಾಲ್ಲೂಕು ಕೋರ್ಟು, ಜಿಲ್ಲಾ ಕೋರ್ಟು ಅಂತ ಓಡಾಡಿ. ಮನೆಯಲ್ಲಿ ಕೋರ್ಟ್ ಸಿನಿಮಾ ಹಾಕಿದರೆ ನಾನು ಬಾಯಿ ಬಿಡಬಾರದು ಅಂತ ಕಟ್ಟಪ್ಪಣೆ ಇದೆ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಸುತ್ತಿಗೆ, ಗೀತೆ, ಇಂಥ ಸಣ್ಣಪುಟ್ಟ ತಪ್ಪು ಮೊದಲೇ ಹೇಳಿ ಮುಗಿಸಿಬಿಡುತ್ತೇನೆ. ನಮ್ಮ ನ್ಯಾಯಾಧೀಶರ ಮೇಜಿನ ಮೇಲೆ ಮರದ ಸುತ್ತಿಗೆ ಇರುವುದಿಲ್ಲ. ಗದ್ದಲ ಆದರೆ ಅವರು ಒಂದು ಸಲ ತಲೆ ಎತ್ತಿ ನೋಡುತ್ತಾರೆ, ಸಾಕು. ಭಗವದ್ಗೀತೆ ಮುಟ್ಟಿಸಿ ಆಣೆ ಹಾಕಿಸುವುದೂ ಇಲ್ಲ. 1969ರ ಪ್ರಮಾಣಗಳ ಕಾಯ್ದೆ ಪ್ರಕಾರ ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ದೇವರು ಬೇಡ ಅನ್ನುವವರು ಸುಮ್ಮನೆ ಸತ್ಯ ಹೇಳುತ್ತೇನೆ ಅಂತ ದೃಢೀಕರಿಸಬಹುದು. ಅಪರಾಧ ಸಾಬೀತಾದ ಕೂಡಲೇ ಅದೇ ಉಸಿರಿನಲ್ಲಿ ಗಲ್ಲು ಅನ್ನುವ ಹಾಗಿಲ್ಲ. ಶಿಕ್ಷೆ ಎಷ್ಟು ಅನ್ನುವುದಕ್ಕೆ ಬೇರೆಯಾಗಿಯೇ ವಾದ ಕೇಳಬೇಕು, ಸೆಷನ್ಸ್ ಕೋರ್ಟ್ ಕೊಟ್ಟ ಗಲ್ಲು ಹೈಕೋರ್ಟಿನಲ್ಲಿ ಖಾಯಂ ಆಗಬೇಕು. ಕೊನೇ ಕ್ಷಣದಲ್ಲಿ ನಾಯಕಿ ಪೆನ್‌ಡ್ರೈವ್ ಹಿಡಿದು ಓಡಿಬರುತ್ತಾಳಲ್ಲ, ಆಗ ನಿಜವಾದ ಕೋರ್ಟಿನಲ್ಲಿ ಬರುವ ಮೊದಲ ಪ್ರಶ್ನೆ "ಸರ್ಟಿಫಿಕೇಟ್ ಎಲ್ಲಮ್ಮ?" ಎಲೆಕ್ಟ್ರಾನಿಕ್ ಸಾಕ್ಷ್ಯದ ಪ್ರತಿ ಕೊಟ್ಟರೆ ಜೊತೆಗೆ ಪ್ರಮಾಣಪತ್ರ ಬೇಕೇ ಬೇಕು ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಮತ್ತೊಮ್ಮೆ ಖಡಾಖಂಡಿತವಾಗಿ ಹೇಳಿದೆ. 2024ರ ಜುಲೈ 1ರಿಂದ ಬಂದ ಹೊಸ ಸಾಕ್ಷ್ಯ ಕಾನೂನಿನಲ್ಲಂತೂ ಅದಕ್ಕೆ ನಮೂನೆಯೇ ಇದೆ, ಹ್ಯಾಷ್ ಮೌಲ್ಯ, ಅಂದರೆ ಆ ಫೈಲಿನ ಡಿಜಿಟಲ್ ಬೆರಳಚ್ಚು, ಸಮೇತ ತುಂಬಿ ಕೊಡಬೇಕು. ಅದೇ ದಿನದಿಂದ ದಂಡ ಸಂಹಿತೆಯೂ ಬದಲಾಗಿ, ಸೆಕ್ಷನ್ 302 ಹೋಗಿ ಕೊಲೆಗೆ 103 ಬಂತು, 420 ಹೋಗಿ ಮೋಸಕ್ಕೆ 318 ಬಂತು. ಆದರೂ ನಮ್ಮೂರಿನಲ್ಲಿ ಯಾರೂ ಮೋಸಗಾರನನ್ನು "ತ್ರೀ ಏಯ್ಟೀನ್" ಅಂತ ಬೈಯುವುದಿಲ್ಲ, ಬಿಡಿ.

ಇಂಥ ತಪ್ಪುಗಳ ಬಗ್ಗೆ ನನಗೆ ಕೋಪ ಇಲ್ಲ. ಬೇಸರ ಆಗುವುದು ಬೇರೆ ಕಾರಣಕ್ಕೆ. ಸಿನಿಮಾದಲ್ಲಿ ಕೇಸು ಗೆಲ್ಲುವುದು ಮಾತಿನಿಂದ. ನಮ್ಮಲ್ಲಿ ಗೆಲ್ಲುವುದೂ ಸೋಲುವುದೂ ಒಂದು ಹಾಳೆಯ ಮೇಲೆ. ಆ ಹಾಳೆ ಬರೆಯುವವರು ನ್ಯಾಯಾಧೀಶರ ಕೆಳಗೆ, ಮೂಲೆಯಲ್ಲಿ, ಕಂಪ್ಯೂಟರ್ ಮುಂದೆ ತಲೆ ತಗ್ಗಿಸಿ ಕೂತಿರುತ್ತಾರೆ. ಕ್ಯಾಮೆರಾ ಅವರ ಕಡೆ ತಿರುಗುವುದೇ ಇಲ್ಲ.

ಹೇಗೆ ನಡೆಯುತ್ತದೆ ಅಂದರೆ, ನಾನು ಸಾಕ್ಷಿಯನ್ನು ಕೇಳುತ್ತೇನೆ: "ನೀವು ಆ ದಿನ ಆ ಜಾಗಕ್ಕೆ ಹೋಗೇ ಇರಲಿಲ್ಲ, ಅಲ್ವಾ?" ಸಾಕ್ಷಿ ಎದೆ ಮುಟ್ಟಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು "ಅಯ್ಯೋ, ದೇವ್ರಾಣೆ ಹೋಗಿದ್ದೆ ಸ್ವಾಮಿ, ಮಕ್ಕಳಾಣೆ ಹೋಗಿದ್ದೆ" ಅನ್ನುತ್ತಾನೆ. ಎರಡು ನಿಮಿಷದ ದೃಶ್ಯ, ಹಿನ್ನೆಲೆ ಸಂಗೀತ ಹಾಕಿದರೆ ಜನ ಅತ್ತುಬಿಡುತ್ತಾರೆ. ನ್ಯಾಯಾಧೀಶರು ಬೆರಳಚ್ಚುಗಾರರಿಗೆ ಹೇಳಿ ಬರೆಸುವುದು ಇಷ್ಟು: "ನಾನು ಆ ದಿನ ಸ್ಥಳಕ್ಕೆ ಹೋಗಿರಲಿಲ್ಲ ಎಂದರೆ ಸರಿಯಲ್ಲ." ಮುಗಿಯಿತು. ಅಳು, ಆಣೆ, ಎದೆ ಮುಟ್ಟಿಕೊಂಡಿದ್ದು ಯಾವುದೂ ಹಾಳೆಗೆ ಇಳಿಯಲಿಲ್ಲ. ಸಾಕ್ಷಿ ಹೇಗೆ ನಡೆದುಕೊಂಡ ಅಂತ ನ್ಯಾಯಾಧೀಶರು ಟಿಪ್ಪಣಿ ಬರೆಯಬಹುದು ಅಂತ ಕಾನೂನಿನಲ್ಲೇ ಇದೆ. ನನ್ನ ಇಷ್ಟು ವರ್ಷದಲ್ಲಿ ಅದನ್ನು ಬರೆಸಿದ್ದು ನೋಡಿರುವುದು ಬೆರಳೆಣಿಕೆಯಷ್ಟು ಸಲ.

ಮುಂದೆ ಮೇಲ್ಮನವಿ ಹೋದರೆ ಅಲ್ಲಿ ಕೂತವರು ಆ ಸಾಕ್ಷಿಯ ಮುಖವನ್ನೇ ನೋಡಿರುವುದಿಲ್ಲ. ಎಷ್ಟೋ ಕೇಸಿನಲ್ಲಿ ತೀರ್ಪು ಬರೆಯುವ ನ್ಯಾಯಾಧೀಶರೇ ಸಾಕ್ಷಿ ನೋಡಿರುವುದಿಲ್ಲ, ಮಧ್ಯದಲ್ಲಿ ವರ್ಗಾವಣೆ ಆಗಿರುತ್ತದೆ. ಅವರ ಕೈಗೆ ಸಿಗುವುದು ಈ "ಎಂದರೆ ಸರಿ", "ಎಂದರೆ ಸರಿಯಲ್ಲ"ಗಳ ಕಟ್ಟು ಮಾತ್ರ.

ಇದು ನನಗೆ ಅರ್ಥವಾಗಿದ್ದು ಪೆಟ್ಟು ತಿಂದ ಮೇಲೆ. ಜೂನಿಯರ್ ಆಗಿದ್ದಾಗ ಒಬ್ಬ ಮಹಜರು ಪಂಚನ, ಅಂದರೆ ಪೊಲೀಸರು ಸ್ಥಳದಲ್ಲಿ ಬರೆದ ಮಹಜರಿಗೆ ಸಾಕ್ಷಿಯಾಗಿ ಸಹಿ ಹಾಕಿದವನ, ಪಾಟೀಸವಾಲು ನನಗೆ ಬಿಟ್ಟರು. ಮಹಜರು ಓದದೇ ಸಹಿ ಹಾಕಿದ್ದೀರಿ ಅಂದೆ, ಹೌದು ಅಂದ. ಅಲ್ಲಿಗೆ ಕೂತಿದ್ದರೆ ಸಾಕಿತ್ತು. ನನ್ನೊಳಗಿನ ಸಿನಿಮಾ ಕೂರಲು ಬಿಡಬೇಕಲ್ಲ! ಹಿಂದೆ ಕೂತ ಜನರ ಕಡೆ ಒಂದು ಸುತ್ತು ತಿರುಗಿ, ಧ್ವನಿ ಏರಿಸಿ, "ಯಾಕೆ ಓದಲಿಲ್ಲ?" ಅಂದೆ. "ನಂಗೆ ಕಣ್ಣು ಮಂಜು ಸ್ವಾಮಿ, ಪೊಲೀಸ್ನೋರು ಓದಿ ಹೇಳಿದ್ರು, ಸರಿಯಾಗೇ ಇತ್ತು, ಅದ್ಕೇ ಹಾಕ್ದೆ." ನ್ಯಾಯಾಧೀಶರು ನನ್ನನ್ನೊಮ್ಮೆ ಕನಿಕರದಿಂದ ನೋಡಿ ಅದನ್ನೂ ಅಕ್ಷರಶಃ ಬರೆಸಿದರು. ನನ್ನ ಸೀನಿಯರ್ ಕಾಫಿ ಕುಡಿಯುವಾಗ ಹೇಳಿದ್ದು ಇಷ್ಟೇ: "ಮೊದಲನೇ ಪ್ರಶ್ನೆ ವಕೀಲ ಕೇಳಿದ. ಎರಡನೇದು ಯಾರಪ್ಪಾ ಕೇಳಿದ್ದು?"

ಈಗ ಸಿನಿಮಾಗಳಿಗೆ ಬರೋಣ. 1993ರ ಹಿಂದಿಯ 'ದಾಮಿನಿ'ಯಲ್ಲಿ ಸನ್ನಿ ಡಿಯೋಲ್ ವಾಯಿದೆ ಮೇಲೆ ವಾಯಿದೆ ಅಂತ ಕೂಗಾಡುವ ದೃಶ್ಯ ಇದೆಯಲ್ಲ, ಅದು ಭಾಷೆ ಗೊತ್ತಿಲ್ಲದವರ ಬಾಯಲ್ಲೂ ಇದೆ. ದೂರು ನಿಜ. ಆದರೆ ಆ ಸಿಟ್ಟು ಸರಿಯಾದ ವಿಳಾಸಕ್ಕೆ ಹೋಗಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಡೇಟ್ ಮುಂದೆ ಹೋಗುವುದು ನ್ಯಾಯಾಧೀಶರು ಕಟುಕರು ಅಂತ ಅಲ್ಲ. ಸಾಕ್ಷಿಗೆ ಸಮನ್ಸ್ ಮುಟ್ಟಿರುವುದಿಲ್ಲ, ವಿಧಿವಿಜ್ಞಾನ ಪ್ರಯೋಗಾಲಯದ (ಎಫ್‌ಎಸ್‌ಎಲ್) ವರದಿ ಬಂದಿರುವುದಿಲ್ಲ, ತನಿಖಾಧಿಕಾರಿ ಬಂದೋಬಸ್ತ್‌ಗೆ ಹೋಗಿರುತ್ತಾರೆ, ಮತ್ತೆ ಇದನ್ನು ನಮ್ಮವರು ಯಾರೂ ಒಪ್ಪುವುದಿಲ್ಲ, ಅರ್ಧದಷ್ಟು ಸಲ ಡೇಟ್ ಕೇಳುವವರು ವಕೀಲರಾದ ನಾವೇ. ಕೈಮೀರಿದ ಕಾರಣ ಇದ್ದರೂ ಒಬ್ಬ ಪಕ್ಷಗಾರನಿಗೆ ಎರಡಕ್ಕಿಂತ ಜಾಸ್ತಿ ವಾಯಿದೆ ಬೇಡ ಅಂತ ಹೊಸ ಕ್ರಿಮಿನಲ್ ಪ್ರಕ್ರಿಯೆ ಕಾನೂನು ಹೇಳುತ್ತದೆ. ಹೇಳುತ್ತದೆ, ಅಷ್ಟೇ.

'ಪಿಂಕ್' (2016) ಬಗ್ಗೆ ಮಾತಾಡಿದರೆ ಮಗಳು ಸಿಟ್ಟಾಗುತ್ತಾಳೆ. ಸಿನಿಮಾ ಹೇಳಿದ್ದು ಸರಿ, ಬೇಡ ಅಂದರೆ ಬೇಡ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರಲ್ಲಿ ದೌರ್ಜನ್ಯಕ್ಕೆ ಒಳಗಾದ ಹುಡುಗಿಯೇ ಕೊಲೆ ಯತ್ನದ ಆರೋಪಿ. ನಮ್ಮಲ್ಲಿ ಆರೋಪಿಯನ್ನು ಹಾಗೆ ಕಟಕಟೆಗೆ ಕರೆದು ಹಿಂಡುವ ಹಾಗಿಲ್ಲ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಬೇಕಾಗಿಲ್ಲ ಅಂತ ಸಂವಿಧಾನದ 20ನೇ ವಿಧಿ ಇದೆ. ತಾನೇ ಬರೆದು ಕೇಳಿಕೊಂಡರೆ ಮಾತ್ರ ಆರೋಪಿ ಸಾಕ್ಷಿ ಆಗಬಹುದು, ಒಳ್ಳೆಯ ವಕೀಲರು ಸಾಮಾನ್ಯವಾಗಿ ಅದಕ್ಕೆ ಬಿಡುವುದೂ ಇಲ್ಲ. ಅಲ್ಲಿ ಅವಳ ವಕೀಲನಾದ ಅಮಿತಾಭ್ ಬಚ್ಚನ್ ತನ್ನ ಕಕ್ಷಿದಾರಳನ್ನೇ ತುಂಬಿದ ಕೋರ್ಟಿನಲ್ಲಿ ನೀನು ಕನ್ಯೆಯಾ ಅಂತ ಕೇಳುತ್ತಾನೆ. ನಾಟಕಕ್ಕೆ ಬೇಕಿತ್ತು, ಒಪ್ಪೋಣ. ನನ್ನ ತಕರಾರು ಏನೆಂದರೆ, ಇಂಥ ದೃಶ್ಯ ನೋಡಿ ಹೆದರಿ ದೂರು ಕೊಡಲಿಕ್ಕೇ ಹಿಂಜರಿಯುವ ಹೆಣ್ಣುಮಕ್ಕಳು ನನ್ನ ಆಫೀಸಿಗೆ ಬಂದಿದ್ದಾರೆ. "ಎಲ್ಲರ ಮುಂದೆ ಅದೆಲ್ಲಾ ಕೇಳ್ತಾರಾ ಸಾರ್?" ಅತ್ಯಾಚಾರದ ವಿಚಾರಣೆ ಮುಚ್ಚಿದ ಬಾಗಿಲ ಒಳಗೆ ನಡೆಯಬೇಕು, ಅವಳ ಹಿಂದಿನ ಸಂಬಂಧ, ನಡತೆ ಅಂತ ಕೆದಕುವ ಪ್ರಶ್ನೆ ಕೇಳಬಾರದು ಅಂತ ಕಾನೂನಿದೆ. ಅದನ್ನು ಮೀರುವ ವಕೀಲರು ಇದ್ದಾರೆ, ಇಲ್ಲ ಅನ್ನಲ್ಲ. ಆದರೆ ತಡೆಯುವ ಕಾನೂನೂ ಇದೆ ಅಂತ ಯಾವ ಸಿನಿಮಾ ತೋರಿಸಿತು?

ನಮ್ಮ ಕನ್ನಡದ ಮಟ್ಟಿಗೆ ಕೋರ್ಟ್ ಅಂದರೆ ಟಿ.ಎನ್. ಸೀತಾರಾಮ್. ಅವರ ಧಾರಾವಾಹಿಗಳಲ್ಲಿ ಸ್ವತಃ ಅವರೇ ಮಾಡುತ್ತಿದ್ದ ವಕೀಲ ಸಿ.ಎಸ್.ಪಿ. ಪಾತ್ರದಿಂದ ನನ್ನಂಥವರಿಗೆ ಆದ ಉಪಕಾರ ಸಣ್ಣದಲ್ಲ. ಸೊಸೆ ಹುಡುಕುವಾಗ ಅಮ್ಮ "ನಮ್ಮ ಹುಡುಗ ಸಿ.ಎಸ್.ಪಿ. ಥರ ಲಾಯರ್ರು" ಅಂತಲೇ ಹೇಳುತ್ತಿದ್ದರು. ಆ ಪಾತ್ರದಲ್ಲಿ ನನಗೆ ಇಷ್ಟವಾಗಿದ್ದು ಮಾತಲ್ಲ, ಪ್ರಶ್ನೆ ಕೇಳುವ ಮುಂಚಿನ ಮೌನ. ಸಾಕ್ಷಿ ಆ ಮೌನಕ್ಕೇ ಅರ್ಧ ಕುಸಿಯುತ್ತಾನೆ, ಇದು ನಿಜವಾದ ಕೋರ್ಟಿನಲ್ಲೂ ಆಗುತ್ತದೆ. ಆದರೆ ಅಲ್ಲಿ ನ್ಯಾಯಾಧೀಶರು ವಾರಗಟ್ಟಲೆ ಒಂದೇ ಕೇಸು ಕೇಳಿಕೊಂಡು ಕೂತಿರುತ್ತಾರಲ್ಲ, ಅದು ಮಾತ್ರ ಹೊಟ್ಟೆಕಿಚ್ಚು ತರಿಸುತ್ತಿತ್ತು. ನಮ್ಮಲ್ಲಿ ಬೆಳಿಗ್ಗೆ 11ಕ್ಕೆ ಕೂತರೆ ಎಂಬತ್ತೋ ನೂರೋ ಕೇಸು ಕೂಗುತ್ತಾರೆ. ನನ್ನ ಪಾಟೀಸವಾಲಿನ ಮಧ್ಯದಲ್ಲಿ ಯಾರೋ ಜಾಮೀನು ಅರ್ಜಿ ಹಿಡಿದು ಬಂದು "ಸ್ವಾಮಿ, ಒಂದೇ ನಿಮಿಷ" ಅನ್ನುತ್ತಾರೆ. ನನ್ನ ಆ ಅಮೋಘ ಮೌನ ಅಲ್ಲಿಗೆ ಮಣ್ಣುಪಾಲು.

ತಮಿಳಿನ 'ಜೈ ಭೀಮ್' (2021) ನೋಡಿ ನನಗೆ ಗೌರವ ಬಂದಿದ್ದು ಒಂದು ಸಣ್ಣ ವಿಷಯಕ್ಕೆ. ಹೇಬಿಯಸ್ ಕಾರ್ಪಸ್ ಅರ್ಜಿಯಲ್ಲಿ, ಅಂದರೆ ಅಕ್ರಮವಾಗಿ ಹಿಡಿದಿಟ್ಟವರನ್ನು ಕೋರ್ಟಿನ ಮುಂದೆ ತನ್ನಿ ಅಂತ ಕೇಳುವ ಅರ್ಜಿಯಲ್ಲಿ, ಹೈಕೋರ್ಟು ಸಾಮಾನ್ಯವಾಗಿ ಅಫಿಡವಿಟ್ ನೋಡಿ ತೀರ್ಮಾನ ಮಾಡುತ್ತದೆ, ಸಾಕ್ಷಿ ಕರೆದು ವಿಚಾರಣೆ ಮಾಡುವುದಿಲ್ಲ. ಸಿನಿಮಾಕ್ಕೆ ಸಾಕ್ಷಿ ವಿಚಾರಣೆ ಬೇಕಿತ್ತು. ಬೇರೆಯವರಾಗಿದ್ದರೆ ಸುಮ್ನೆ ಮಾಡಿಬಿಡುತ್ತಿದ್ದರು. ಇವರು ಅದಕ್ಕೆ ಮುಂಚೆ ನಟ ಸೂರ್ಯ ಮಾಡಿದ ವಕೀಲನ ಬಾಯಲ್ಲಿ ತುರ್ತು ಪರಿಸ್ಥಿತಿ ಕಾಲದ ಕೇರಳದ ರಾಜನ್ ಪ್ರಕರಣ (ಪೊಲೀಸರು ಹಿಡಿದೊಯ್ದ ವಿದ್ಯಾರ್ಥಿ ಕಾಣೆಯಾದ ಕೇಸು) ಹೇಳಿಸಿ, ಇದು ಅಪರೂಪ ಆದರೆ ಆಗಬಹುದು ಅಂತ ನ್ಯಾಯಾಧೀಶರನ್ನು ಒಪ್ಪಿಸುತ್ತಾರೆ. ಅದರ ಮೂಲದಲ್ಲಿ 1993ರ ನಿಜವಾದ ಕೇಸಿದೆ. ಅದನ್ನು ನಡೆಸಿದ ವಕೀಲ ಕೆ. ಚಂದ್ರು ಆಮೇಲೆ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿಯಾದರು.

ಆದರೆ ಆ ಮೂಲೆಯ ಟೈಪಿಂಗ್ ಅನ್ನು ನಿಜವಾಗಿ ಕಂಡಿದ್ದು ಒಂದೇ ಸಿನಿಮಾ, ಚೈತನ್ಯ ತಮ್ಹಾಣೆ ಮಾಡಿದ 2014ರ ಮರಾಠಿ ಚಿತ್ರ 'ಕೋರ್ಟ್'. ಒಬ್ಬ ವಯಸ್ಸಾದ ಜನಪದ ಗಾಯಕನ ಹಾಡು ಕೇಳಿ ಚರಂಡಿ ಕಾರ್ಮಿಕನೊಬ್ಬ ಆತ್ಮಹತ್ಯೆ ಮಾಡಿಕೊಂಡ ಅಂತ ಕೇಸು. ಸಾಕ್ಷಿ ಏನೋ ಹೇಳುತ್ತಾನೆ, ನ್ಯಾಯಾಧೀಶರು ಅದನ್ನು ತಮ್ಮ ಮಾತಿಗೆ ತಿರುಗಿಸಿ ಬರೆಸುತ್ತಾರೆ, ಕೀಲಿಮಣೆ ಟಕಟಕ ಅನ್ನುತ್ತದೆ. ಒಂದು ಹೆಂಗಸು ತೋಳಿಲ್ಲದ ಉಡುಪು ಹಾಕಿಕೊಂಡು ಬಂದಳು ಅಂತ ಅವಳ ಕೇಸನ್ನು ಆ ದಿನ ಕೇಳುವುದೇ ಇಲ್ಲ. ಸರ್ಕಾರಿ ವಕೀಲೆ ಸಂಜೆ ಲೋಕಲ್ ಟ್ರೇನ್ ಹತ್ತಿ ಮನೆಗೆ ಹೋಗಿ ಅಡುಗೆ ಮಾಡುತ್ತಾಳೆ. ಯಾರೂ ಕೆಟ್ಟವರಲ್ಲ, ಎಲ್ಲರೂ ಕೆಲಸ ಮಾಡುತ್ತಿದ್ದಾರೆ, ಆ ಮುದುಕ ಮಾತ್ರ ಒಳಗೇ ಇದ್ದಾನೆ. ನಮ್ಮ ಮನೆಯವರೆಲ್ಲ ಅರ್ಧಕ್ಕೇ ಎದ್ದು ಮಲಗಲು ಹೋದರು. ನಾನು ಕೊನೇವರೆಗೆ ನೋಡಿ, ಮಾರನೇ ದಿನ ಕೋರ್ಟಿಗೆ ಹೋಗಿ ಬೆರಳಚ್ಚುಗಾರರಿಗೆ ಮೊದಲ ಸಲ ಸರಿಯಾಗಿ ನಮಸ್ಕಾರ ಹೇಳಿದೆ.

ಎಲ್ಲರೂ ಕೂತು ನೋಡುವಂಥದ್ದು ಬೇಕು ಅಂದರೆ 2022ರ ಮಲಯಾಳಂನ 'ನ್ನಾ ತಾನ್ ಕೇಸ್ ಕೊಡ್'. ನಮ್ಮ ಮಂಗಳೂರಿನ ಪಕ್ಕದ ಕಾಸರಗೋಡು ಕಡೆಯ ಕಥೆ. ಒಬ್ಬ ಹಳೇ ಕಳ್ಳ, ಎಮ್ಮೆಲ್ಲೆ ಮನೆಯ ಕಾಂಪೌಂಡ್ ಹಾರಿ ನಾಯಿ ಕೈಲಿ ಕಚ್ಚಿಸಿಕೊಂಡಿದ್ದಾನೆ. ಕದಿಯಲು ಹಾರಿದ್ದಲ್ಲ, ರಸ್ತೆ ಗುಂಡಿ ತಪ್ಪಿಸಲು ಹೋಗಿ ಆಟೋ ಮೈಮೇಲೆ ಬಂತು, ಅದಕ್ಕೇ ಹಾರಿದೆ ಅನ್ನುತ್ತಾನೆ. ಗುಂಡಿಗೆ ಯಾರು ಹೊಣೆ? ಲೋಕೋಪಯೋಗಿ ಸಚಿವರು! ಕೇಳಲು ತಮಾಷೆ. ಆದರೆ ಒಂದೊಂದೇ ಸಾಕ್ಷಿಯಿಂದ ಒಂದೊಂದೇ ಸಣ್ಣ ಉತ್ತರ ತೆಗೆದು ಪೋಣಿಸುತ್ತಾ ಹೋಗುವ ರೀತಿ ಇದೆಯಲ್ಲ, ನಾವು ಜೂನಿಯರ್‌ಗಳಿಗೆ ವರ್ಷಾನುಗಟ್ಟಲೆ ಹೇಳಿಕೊಡುವುದು ಅದನ್ನೇ. ಕುಂಚಾಕೋ ಬೋಬನ್ ಮಾಡಿದ ಆ ಕಳ್ಳ ತಾನೇ ವಾದಿಸುತ್ತಾನೆ, ಮ್ಯಾಜಿಸ್ಟ್ರೇಟ್ ಒಮ್ಮೊಮ್ಮೆ ಬೇಜಾರಾಗಿ, ಒಮ್ಮೊಮ್ಮೆ ಕುತೂಹಲಕ್ಕೆ ಬಿದ್ದು ಕೇಳುತ್ತಾರೆ. ಅಂಥ ಮುಖದ ನ್ಯಾಯಾಧೀಶರನ್ನು ನಾನು ನಿಜವಾಗಿ ನೋಡಿದ್ದೇನೆ.

ಮೊದಲು ಹೇಳಿದ ನನ್ನ ಕಕ್ಷಿದಾರರಿಗೂ ಇದನ್ನೇ ನೋಡಿ ಅಂತ ಹೇಳಿದ್ದೆ. ಮಗನ ಫೋನಿನಲ್ಲಿ ಹಾಕಿಸಿಕೊಂಡು ನೋಡಿದ್ದಾರೆ. ಮುಂದಿನ ಡೇಟ್‌ಗೆ ಬಂದವರು ನನ್ನನ್ನು ಪಕ್ಕಕ್ಕೆ ಕರೆದು, ದನಿ ತಗ್ಗಿಸಿ ಕೇಳಿದರು: "ಸಾರ್, ಆ ಜಡ್ಜು ನಮ್ಮ ಕೋರ್ಟಿಗೆ ಟ್ರಾನ್ಸ್‌ಫರ್ ಆಗಿ ಬರೋ ಹಂಗೇನಾದ್ರೂ ಇದ್ಯಾ?" ಒಳಗೆ ಜವಾನ ನಮ್ಮ ಕೇಸು ಕೂಗಿದ. ಸಾಕ್ಷಿ ಬಂದಿರಲಿಲ್ಲ. ಡೇಟ್ ಕೊಟ್ಟರು.