ಚಾಟ್‌ಜಿಪಿಟಿ ಕೊಟ್ಟ ರೆಫರೆನ್ಸ್ ಥೀಸಿಸ್‌ಗೆ ಹಾಕ್ಬೋದಾ ಸರ್?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದೀನೋ, ಇನ್ನೊಂದ್ಸಲ ಹೇಳ್ತೀನಿ. ಆ ಪುಸ್ತಕ ತೆಗೆದು ಆ ಪುಟ ನೀವೇ ಓದಿದ್ರೆ ಹಾಕಿ, ಇಲ್ದಿದ್ರೆ ಬೇಡ.

ತಕ್ಷಣ ಎಲ್ರೂ ಹೇಳೋದು, "ಲೇಖಕರ ಹೆಸರು, ವರ್ಷ, ಸಂಪುಟ, ಪುಟಸಂಖ್ಯೆ ಎಲ್ಲಾ ಇದೆ ಸರ್, ಸುಳ್ಳಾದ್ರೆ ಇಷ್ಟು ಕರೆಕ್ಟಾಗಿ ಹೇಗೆ ಕೊಡತ್ತೆ?" ಎಡವೋದೇ ಇಲ್ಲಿ. ಅದು ಕಪಾಟಿಂದ ಪುಸ್ತಕ ತೆಗೆದು ಪುಟ ನೋಡಿ ಹೇಳ್ತಿಲ್ಲ, ರಾಶಿಗಟ್ಟಲೆ ಬರಹ ನೋಡಿ ಒಂದು ಪದ ಆದ್ಮೇಲೆ ಯಾವ ಪದ ಬರ್ಬೋದು ಅಂತ ಕಲ್ತಿದೆ, ಆ ಅಂದಾಜಲ್ಲೇ ಬರ್ಕೊಂಡು ಹೋಗತ್ತೆ. ರೆಫರೆನ್ಸ್ ಹೇಗಿರತ್ತೆ ಅನ್ನೋ ಅಚ್ಚು ಅದಕ್ಕೆ ಚೆನ್ನಾಗಿ ಗೊತ್ತು, ಅಚ್ಚಿಗೆ ಹೊಂದೋ ಹೆಸರು, ನಂಬರ್ ತುಂಬತ್ತೆ ಅಷ್ಟೇ.

ಕನ್ನಡ ಎಂಎ ಮಾಡಿದವ್ರಿಗೆ ಇದು ಬೇಗ ಅರ್ಥ ಆಗ್ಬೇಕು. ಕೊನೇಲಿ ಕೂಡಲಸಂಗಮದೇವ ಅಂತ ಇದ್ದ ಮಾತ್ರಕ್ಕೆ ಬಸವಣ್ಣನವರ ವಚನ ಆಗ್ಬಿಡತ್ತಾ? ಪ್ರಕ್ಷಿಪ್ತ ಅಂದ್ರೆ ಆಮೇಲೆ ಬೇರೆ ಯಾರೋ ಸೇರಿಸಿದ್ದು ಅಂತ ಕ್ಲಾಸಲ್ಲಿ ಓದಿದೀರಲ್ವಾ, ಲೇಖನಕ್ಕೆ ಆನ್‌ಲೈನಲ್ಲಿ ಕೊಡೋ ಗುರುತಿನ ಸಂಖ್ಯೆ, ಅದೇ ಡಿಓಐ ನಂಬರ್, ಅದೂ ಆ ಅಂಕಿತ ಇದ್ದ ಹಾಗೆ, ಬರಹದ ಕೊನೇಲಿ ಯಾರು ಬೇಕಾದ್ರೂ ಹಚ್ಬೋದು.

ನಮ್ಮ ಹುಡುಗಿ ಒಬ್ಬಳು 'ಪ್ರಬುದ್ಧ ಕರ್ನಾಟಕ'ದ ಒಂದು ಲೇಖನ ಅಂತ ಅಧ್ಯಾಯದಲ್ಲಿ ಹಾಕಿದ್ಲು. ಪತ್ರಿಕೆ ನಿಜ, ಲೇಖಕರೂ ನಿಜ, ಅವರ ವಿಷಯನೂ ಅದೇ. ಲೈಬ್ರರಿಯಲ್ಲಿ ಆ ವರ್ಷದ ಬೈಂಡ್ ತೆಗೆಸಿ ಇಬ್ರೂ ಕೂತು ಪುಟ ತಿರುವಿದ್ವಿ, ಆ ಪುಟದಲ್ಲಿ ಇನ್ಯಾರದ್ದೋ ಪುಸ್ತಕ ವಿಮರ್ಶೆ ಇತ್ತು. ಪಾಪ, ಅವಳ ಮುಖ ನೋಡಕ್ಕಾಗ್ಲಿಲ್ಲ.

"ನಿಜಾನಾ ಅಂತ ಅದನ್ನೇ ಕೇಳಿದ್ವಿ ಸರ್, ಹೌದು ಅಂತು" ಅನ್ನೋರಿಗೆ: 2023ರಲ್ಲಿ ನ್ಯೂಯಾರ್ಕ್‌ನ ವಕೀಲರೊಬ್ರು ಹೀಗೇ ಕೇಳಿದ್ರು, ಹೌದು ಅಂತ್ಲೇ ಹೇಳ್ತು. ಇಲ್ದೇ ಇರೋ ಕೇಸ್‌ಗಳನ್ನ ಕೋರ್ಟಿಗೆ ಕೊಟ್ಟಿದ್ದಕ್ಕೆ 5,000 ಡಾಲರ್ ದಂಡ ಬಿತ್ತು. ವೆಬ್ ಸರ್ಚ್ ಆನ್ ಮಾಡಿದ್ರೆ ಲಿಂಕ್ ನಿಜದ್ದೇ ಬರ್ಬೋದು, ಆದ್ರೆ ಅದು ಹೇಳಿದ ಮಾತು ಆ ಲಿಂಕಲ್ಲಿ ಇದೆಯಾ ಅಂತ ನೋಡೋದು ನಿಮ್ಮ ಕೆಲಸವೇ. ಹಾಗಂತ ಮುಟ್ಟಲೇ ಬೇಡಿ ಅಂತಿಲ್ಲ. ವಿಷಯಕ್ಕೆ ಯಾವ ಕೀವರ್ಡ್ ಹುಡುಕ್ಬೇಕು, ಕಷ್ಟದ ಇಂಗ್ಲಿಷ್ ಪ್ಯಾರಾದಲ್ಲಿ ಏನಿದೆ ಅಂತ ಕೇಳಿ, ಆಮೇಲೆ ನಮ್ಮ ದೇಶದ ಪಿಎಚ್‌ಡಿ ಥೀಸಿಸ್‌ಗಳು ಆನ್‌ಲೈನಲ್ಲಿ ಸಿಗೋ ಶೋಧಗಂಗಾಗೋ ಗೂಗಲ್ ಸ್ಕಾಲರ್‌ಗೋ ಹೋಗಿ.

ಶೋಧಗಂಗಾ ಅಂದಾಗ ನೆನಪಾಯ್ತು, ಇದನ್ನ ಯಾರೂ ಕೇಳಲ್ಲ ಆದ್ರೂ ಹೇಳ್ತೀನಿ. ಹಳೇ ಥೀಸಿಸ್‌ನ ಅಡಿಟಿಪ್ಪಣಿ ಹಾಗೇ ಎತ್ತಿ ಹಾಕೋದೂ ಇದೇ ತಪ್ಪು, ಎಐ ಬರೋಕ್ ಮುಂಚಿಂದ ನಡೀತಿದೆ. ಶಾಸನದ ಮೇಲೆ ಥೀಸಿಸ್ ಮಾಡೋರು ಇನ್ನೂ ಹುಷಾರಾಗಿರಿ. ನಮ್ಮ ಶಾಸನಗಳನ್ನ ಸೇರಿಸಿ ಅಚ್ಚು ಮಾಡಿರೋ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಬಿ.ಎಲ್. ರೈಸ್ ಅವರ ಹಳೇ ಆವೃತ್ತಿಯ ಸಂಪುಟ, ಸಂಖ್ಯೆ ಬೇರೆ, ಮೈಸೂರು ವಿಶ್ವವಿದ್ಯಾಲಯದ ಪರಿಷ್ಕೃತ ಆವೃತ್ತಿದು ಬೇರೆ. ಒಬ್ರು ಕಲಸಿ ಬರೆದ್ರೆ ಹಿಂದೆ ಬಂದವ್ರೆಲ್ಲಾ ಅದನ್ನೇ ಬರೀತಾರೆ, ಈಗ ಎಐನೂ ಅದನ್ನೇ ಓದಿ ನಿಮಗೆ ಕೊಡತ್ತೆ. ಮೂಲ ಸಿಗ್ಲಿಲ್ವಾ, 'ಉದ್ಧೃತ' ಅಂತ ಹಾಕಿ ಯಾರ ಥೀಸಿಸ್‌ನಿಂದ ತಗೊಂಡ್ರಿ ಅಂತ ಬರೀರಿ. ಸಿಕ್ತಾ, ಯಾವ ಆವೃತ್ತಿ ಅಂತ ನೋಟ್ಸಲ್ಲಿ ಅಲ್ಲೇ ಬರ್ಕೊಳಿ, ಮನೆಗೆ ಹೋದ್ಮೇಲೆ ನೆನಪಿರಲ್ಲ.