ಮ್ಯಾಕ್ ಫಿಲ್ಟರ್ ಹಾಕಿದರೆ ವೈಫೈ ಭದ್ರವೇ?

ರೌಟರಿನ ಸೆಟ್ಟಿಂಗ್ಸ್‌ನಲ್ಲಿ ‘ಮ್ಯಾಕ್ ಫಿಲ್ಟರಿಂಗ್’ ಎಂಬ ಆಯ್ಕೆ ಇರುತ್ತದೆ. ಮನೆಯ ಫೋನು, ಲ್ಯಾಪ್‌ಟಾಪು, ಟಿವಿಗಳ ಮ್ಯಾಕ್ ವಿಳಾಸಗಳನ್ನು (ನೆಟ್‌ವರ್ಕಿನಲ್ಲಿ ಸಾಧನವನ್ನು ಗುರುತಿಸುವ ಸಂಖ್ಯೆಗಳನ್ನು) ಅಲ್ಲಿ ಸೇರಿಸಿದರೆ, ಪಟ್ಟಿಯಲ್ಲಿಲ್ಲದ ಸಾಧನಕ್ಕೆ ವೈಫೈ ಸಿಗುವುದಿಲ್ಲ. ಪಾಸ್‌ವರ್ಡಿನ ಜತೆಗೆ ಇನ್ನೊಂದು ಕಾವಲೂ ಆಯಿತು ಎಂಬ ಸಮಾಧಾನ. ಕಾವಲು ಮಾತ್ರ ಹೆಸರಿಗಷ್ಟೇ.

ಮ್ಯಾಕ್ ವಿಳಾಸ 48 ಬಿಟ್‌ಗಳದ್ದು, ಬರೆದಾಗ 12 ಅಂಕಿ-ಅಕ್ಷರಗಳ ಸಾಲು. ಅದು ಗುಟ್ಟಾಗಿರಲಿ ಎಂದು ಯಾರೂ ರೂಪಿಸಿದ್ದಲ್ಲ. ಗಾಳಿಯಲ್ಲಿ ಹೋಗುವ ಫ್ರೇಮಿನ, ಅಂದರೆ ಮಾಹಿತಿಯ ಪ್ರತಿ ಕಂತಿನ, ತಲೆಭಾಗದಲ್ಲಿ ಯಾರಿಂದ, ಯಾರಿಗೆ ಎಂಬುದು ಬಯಲಾಗಿಯೇ ಇರುತ್ತದೆ. ಎನ್‌ಕ್ರಿಪ್ಟ್ ಆಗುವುದು (ಗುಪ್ತಲಿಪಿಗೆ ತಿರುಗುವುದು) ಒಳಗಿನ ಮಾಹಿತಿ. ಲಕೋಟೆಗೆ ಎಷ್ಟೇ ಅಂಟು ಹಾಕಿದರೂ ವಿಳಾಸ ಹೊರಗೇ ಇರಬೇಕಲ್ಲ, ಹಾಗೆ. ಯಾರ ಕೀಲಿಯಿಂದ ಬಿಡಿಸಬೇಕು ಎಂಬುದು ಬಿಡಿಸುವ ಮೊದಲೇ ರೌಟರಿಗೆ ಗೊತ್ತಾಗಬೇಕು.

ಹೀಗಾಗಿ ಗೋಡೆಯಾಚೆ ಕುಳಿತವನು ತನ್ನ ವೈಫೈ ಅಡಾಪ್ಟರನ್ನು, ಸುತ್ತಲಿನ ಎಲ್ಲ ಸಂಕೇತಗಳನ್ನೂ ಕೇಳಿಸಿಕೊಳ್ಳುವ ಮಾನಿಟರ್ ಮೋಡ್‌ಗೆ ಹಾಕಿದರೆ ಸಾಕು, ನಿಮ್ಮ ಸಾಧನಗಳ ವಿಳಾಸಗಳು ಒಂದೊಂದಾಗಿ ತೆರೆಯ ಮೇಲೆ ಬರುತ್ತವೆ. ಇದಕ್ಕೆ ಪಾಸ್‌ವರ್ಡ್ ಬೇಡ. ಅದರಲ್ಲೊಂದನ್ನು ತನ್ನದಾಗಿಸಿಕೊಳ್ಳಲು ಲಿನಕ್ಸ್‌ನಲ್ಲಿ ಒಂದೆರಡು ಸಾಲಿನ ಕಮಾಂಡ್ ಸಾಕು. ಅಸಲಿ, ನಕಲಿ ಎರಡೂ ಒಟ್ಟಿಗೆ ಇದ್ದರೆ ಸಂಪರ್ಕ ತೊದಲಬಹುದು. ಫೋನಿನವರು ಹೊರಗೆ ಹೋಗುವವರೆಗೆ ಕಾದರೆ ಆ ತೊಡಕೂ ಇಲ್ಲ.

ತಮಾಷೆಯೆಂದರೆ ಈ ಫಿಲ್ಟರಿಗೆ ಸಿಕ್ಕಿಬೀಳುವವರು ಮನೆಯವರೇ. 2019ರ ಆಂಡ್ರಾಯ್ಡ್ 10, 2020ರ ಐಒಎಸ್ 14ರಿಂದ ಈಚೆಗೆ ಫೋನುಗಳು ಒಂದೊಂದು ನೆಟ್‌ವರ್ಕಿಗೆ ಒಂದೊಂದು ಕೃತಕ ವಿಳಾಸ ತೋರಿಸುತ್ತವೆ. (ಸಾಲಿನ ಎರಡನೆಯ ಸ್ಥಾನದಲ್ಲಿ 2, 6, ಎ ಅಥವಾ ಇ ಕಂಡರೆ ಅದು ಅಂಥದ್ದೇ.) ಮೂಲ ವಿಳಾಸವನ್ನು ಪಟ್ಟಿಗೆ ಹಾಕಿದವರು ವೈಫೈ ಯಾಕೆ ಸಿಗುತ್ತಿಲ್ಲ ಎಂದು ತಲೆ ಕೆರೆದುಕೊಳ್ಳುತ್ತಾರೆ.

ನಿಜವಾಗಿ ತಡೆಯುವುದು ಪಾಸ್‌ವರ್ಡು. ವೈಫೈಯ ಭದ್ರತಾ ವಿಧಾನವಾದ ಡಬ್ಲ್ಯೂಪಿಎ2 ಅದನ್ನೂ ನೆಟ್‌ವರ್ಕಿನ ಹೆಸರನ್ನೂ ಸೇರಿಸಿ 4096 ಸುತ್ತು ಅರೆದು ಕೀಲಿ ತೆಗೆಯುತ್ತದೆ. ಆದರೂ ಸಾಧನ ಸೇರುವಾಗ ರೌಟರಿನ ಜತೆ ನಡೆಸುವ ಪರಿಚಯದ ಮಾತುಕತೆಯಾದ ಹ್ಯಾಂಡ್‌ಶೇಕನ್ನು ಒಮ್ಮೆ ಹಿಡಿದಿಟ್ಟುಕೊಂಡವನು, ಮತ್ತೆ ರೌಟರಿನತ್ತ ಸುಳಿಯದೆ ತನ್ನ ಕಂಪ್ಯೂಟರಿನಲ್ಲೇ ಊಹೆಗಳನ್ನು ಪರೀಕ್ಷಿಸುತ್ತ ಕೂರಬಹುದು. ಮೊಬೈಲ್ ನಂಬರು, ಹುಟ್ಟಿದ ದಿನಾಂಕ ಅಲ್ಲಿ ಬಾಳುವುದಿಲ್ಲ. ಸಂಬಂಧವಿಲ್ಲದ ಐದಾರು ಪದ ಜೋಡಿಸಿದ ಉದ್ದನೆಯದು ಬಾಳುತ್ತದೆ. 2018ರ ಡಬ್ಲ್ಯೂಪಿಎ3ಯಲ್ಲಿ ಹಾಗೆ ಕೂತಲ್ಲೇ ಊಹಿಸಲಾಗದು, ಪ್ರತಿ ಊಹೆಗೂ ನೆಟ್‌ವರ್ಕನ್ನೇ ಕೇಳಬೇಕು.

ಪಾಸ್‌ವರ್ಡಿನ ಬದಲು ಅಂಕಿ ಒತ್ತಿ ಸಾಧನ ಸೇರಿಸುವ ಡಬ್ಲ್ಯೂಪಿಎಸ್ ಪಿನ್ ಪಾಸ್‌ವರ್ಡಿಗಿಂತ ಕಡೆ. 8 ಅಂಕಿ ಅಂದರೆ 10 ಕೋಟಿ ಸಾಧ್ಯತೆ ಅನ್ನಿಸುತ್ತದೆ. ಆದರೆ ಕೊನೆಯದು ತಾಳೆ ನೋಡುವ ಅಂಕಿ, ಉಳಿದ 7ರಿಂದಲೇ ಲೆಕ್ಕ ಹಾಕಬಹುದಾದದ್ದು. ಮೊದಲ 4 ಸರಿಯೋ ತಪ್ಪೋ ಎಂಬುದು ರೌಟರಿನ ಉತ್ತರದಲ್ಲೇ ಬೇರೆಯಾಗಿ ತಿಳಿದುಬಿಡುತ್ತದೆ. ಉಳಿಯುವುದು ಮೊದಲ 4ಕ್ಕೆ 10,000 ಮತ್ತು ಮುಂದಿನ 3ಕ್ಕೆ 1,000, ಒಟ್ಟು 11,000 ಪ್ರಯತ್ನ. 2011ರಲ್ಲೇ ಬಯಲಾದ ಹುಳುಕು ಇದು. ಮ್ಯಾಕ್ ಪಟ್ಟಿ ತುಂಬಲು ಕೂರುವ ಬದಲು ಆ ಪಿನ್ ಆಫ್ ಮಾಡಿ.